ಹಿಂಬದಿ ಜಗುಲಿಯ ಫೋನು

ಆಗ ನನಗೆ ನಲವತ್ತೊಂದು ವರ್ಷ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಒಬ್ಬ ತಾಯಿ ಮತ್ತು ಮಗಳ ಮಾತು ಕದ್ದು ಕೇಳಿದೆ. ಕೇಳಿದ್ದಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಾನು ಕೇಳಿದ್ದರಿಂದ ಆ ತಾಯಿಗೆ ಕೇಳಲಿಲ್ಲ. ಅವಳಿಗೆ ಕೇಳದ್ದನ್ನು ನಾನು ಹೇಳಲೂ ಇಲ್ಲ. ಇಷ್ಟೇ ನನ್ನ ತಪ್ಪು. ಇಷ್ಟೇ ಅಂದರೆ — ಸಣ್ಣದು ಅಂತಲ್ಲ.

ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನಮ್ಮ ಮನೆ ಅಂಕೋಲೆಯಲ್ಲಿ, ಪೇಟೆ ಮುಗಿದು ಗದ್ದೆ ಶುರುವಾಗುವಲ್ಲಿ. ಯಜಮಾನರು ಕಾರವಾರದ ಬೈತಖೋಲ ಬಂದರಿನಲ್ಲಿ ಗುಮಾಸ್ತರು, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಕೇರಿಗೆ ಮೊದಲ ಫೋನು ಬಂದದ್ದು ನಮ್ಮಲ್ಲಿ. ಫೋನು ನಮ್ಮದು, ನಂಬರು ಹತ್ತು ಮನೆಯದು — ಆಗ ಹಾಗೇ ಇತ್ತು. ಎಲ್ಲರೂ ನೆಂಟರಿಗೆ ನಮ್ಮ ನಂಬರು ಕೊಟ್ಟು, ಪಕ್ಕದಲ್ಲಿ ಪಿಪಿ, ಅಂದರೆ ನೆರೆಮನೆಯ ಫೋನು, ಅಂತ ಬರೆಸುತ್ತಿದ್ದರು. ಫೋನು ಬಂದರೆ ನಾನು ಹಿತ್ತಿಲಿಗೆ ಹೋಗಿ ಕೂಗುವುದು, ಅವರು ಓಡಿ ಬರುವುದು.

ಹಾಗೆ ಓಡಿ ಬರುವವರಲ್ಲಿ ಸೋಮಿ ಒಬ್ಬಳು. ಬೇಲಿಯಾಚೆ ಅವಳ ಮನೆ. ಮೀನು ಮಾರುವವಳು, ಗಂಡ ಇಲ್ಲ, ಮಗ ಬೋಟಿಗೆ ಹೋಗುತ್ತಿದ್ದ. ಮಗಳು ರೇವತಿಯನ್ನು ಕಾರವಾರಕ್ಕೆ ಕೊಟ್ಟಿತ್ತು. ರೇವತಿ ವಾರಕ್ಕೊಮ್ಮೆ ಬೂತಿನಿಂದ ಫೋನು ಮಾಡುತ್ತಿದ್ದಳು. ನಮ್ಮ ಫೋನು ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲಿಗೆ ತಾಗಿ ಇತ್ತು. ಸೋಮಿ ಒದ್ದೆ ಸೀರೆಯಲ್ಲೇ ಒಳಗೆ ಬಂದು ಮಾತಾಡಿ ಹೋದ ಮೇಲೆ ಅತ್ತೆ ಅಲ್ಲಿ ನೀರು ಚಿಮುಕಿಸುತ್ತಿದ್ದರು. ಅವಳು ತಂದ ಮೀನು ನಮ್ಮ ಒಲೆಯ ತನಕ ಬರಬಹುದಿತ್ತು. ಅವಳು ಹೊಸಿಲು ದಾಟಬಾರದಿತ್ತು.

“ಅತ್ತೆಗೆ ಆಗೂದಿಲ್ಲ, ಹಿಂಬದಿ ಜಗುಲಿಗೆ ಇನ್ನೊಂದು ಫೋನು ಹಾಕ್ವಾ” ಎಂದು ಯಜಮಾನರಿಗೆ ಹೇಳಿದೆ. ಅತ್ತೆಗೆ ಆಗುತ್ತಿರಲಿಲ್ಲ, ಹೌದು. ನನಗೂ ಆಗುತ್ತಿರಲಿಲ್ಲ. ಅತ್ತೆಯ ಹೆಸರು ಹೇಳುವುದು ಸುಲಭ.

ಅವರು ಕಾರವಾರದ ಪೇಟೆಯಿಂದ ಒಂದು ಸಾಕೆಟ್ಟು, ಉದ್ದದ ವಾಯರು, ಯಾರದೋ ಮನೆಯ ಹಳೆಯ ಫೋನು ತಂದರು. ತಂದು ಇಟ್ಟರು, ಅಷ್ಟೇ. ವಾಯರು ಮುಟ್ಟಲು ಅವರಿಗೆ ಹೆದರಿಕೆ. ಲೈನ್‌ಮನ್ ಮೊದಲ ಫೋನು ಹಾಕುವಾಗ ನಾನು ನಿಂತು ನೋಡಿದ್ದೆ. ಒಳಗಿರುವುದು ಎರಡೇ ತಂತಿ. ಎರಡು ತಂತಿ ಸುತ್ತಲು ಗಂಡಸೇ ಬೇಕೆ? ಒಂದು ರವಿವಾರ ಊಟವಾದ ಮೇಲೆ ನಾನೇ ಕೂತೆ. ಒಳಗಿನ ಸಾಕೆಟ್ಟಿನ ಮುಚ್ಚಳ ಬಿಚ್ಚಿ, ವಾಯರಿನ ತುದಿ ಚೂರಿಯಲ್ಲಿ ಕೆರೆದು, ಎರಡು ಸ್ಕ್ರೂಗಳ ಕೆಳಗೆ ಸುತ್ತಿ ಬಿಗಿದೆ. ಅಲ್ಲಿಂದ ಅಡುಗೆಮನೆ ಕಿಟಕಿಯ ಸಂದಿಯಲ್ಲಿ ವಾಯರನ್ನು ಹಿಂಬದಿ ಜಗುಲಿಗೆ ದಾಟಿಸಿದೆ. ಹೊರಗೆ ನಿಂತು ಅದನ್ನು ಎಳೆದುಕೊಂಡವಳು ಸೋಮಿಯೇ.

ಹೊರಗಿನ ಸಾಕೆಟ್ಟಿಗೆ ತಂತಿ ಸುತ್ತುವಾಗ ಯಾರದೋ ಫೋನು ಬಂತು. ಗಂಟೆ ಬಡಿಯುವಾಗ ತಂತಿಯಲ್ಲಿ ಕರೆಂಟು ಹರಿಯುತ್ತದೆ ಎಂದು ನನಗೇನು ಗೊತ್ತು — ಮೊಣಕೈ ತನಕ ಝುಂ ಅಂದಿತು, ಸ್ಕ್ರೂಡ್ರೈವರ್ ಹಾರಿ ಅಂಗಳಕ್ಕೆ ಬಿತ್ತು.

“ಅಯ್ಯಯ್ಯೋ ಒಡತಿ! ಇನ್ನು ಕಂಬ ಹತ್ತೂದು ಯಾವಾಗ ಹೇಳಿ, ನೋಡೂಕೆ ಬತ್ತೆ” ಅಂದಳು ಸೋಮಿ.

“ಸಾಕು ಹಲ್ಲು ಬಿಟ್ಟದ್ದು. ನಿನ್ನ ಬುಟ್ಟಿ ನೋಡ್ಕ, ಬೆಕ್ಕು ಬಂದದೆ.”

ಫೋನು ಹಚ್ಚಿ ಎತ್ತಿದರೆ ಒಳಗಿನಂತೆಯೇ ಹೊರಗೂ ಗುಂಯ್ ಅಂದಿತು. ಸೋಮಿ ಅದನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಕೇಳಿದಳು. “ನಂಗೆ ಅಂತ ಇಷ್ಟೆಲ್ಲ ಮಾಡಿದ್ರಲ್ಲ ಒಡತಿ” ಅಂದಳು. ಆ ವಾರವೇ ಒಂದು ಪಾತ್ರೆ ಸಿಗಡಿ ತಂದುಕೊಟ್ಟಳು. ಅವಳನ್ನು ಹೊರಗಿಡಲು ಹಾಕಿದ ಫೋನು ಅದು. ಅದಕ್ಕಾಗಿ ಅವಳು ಕೊಟ್ಟ ಸಿಗಡಿಯನ್ನು ನಾವು ತಿಂದೆವು.

ಯಜಮಾನರು ಒಂದು ಮಾತು ಹೇಳಿದ್ದರು. ಲೈನು ಒಂದೇ, ಎರಡೂ ಕಡೆ ಎತ್ತಿ ಹಿಡಿದರೆ ಶಬ್ದ ಹಂಚಿಹೋಗುತ್ತದೆ. ಹೊರಗಿನವರು ಎತ್ತಿದ ಕೂಡಲೇ ಒಳಗಿನದನ್ನು ಇಟ್ಟುಬಿಡು ಎಂದು. ನನಗೆ ಗೊತ್ತಿತ್ತು. ಮೊದಲ ವಾರ ಇಟ್ಟೆ. ಎರಡನೇ ವಾರದಿಂದ ಇಡಲಿಲ್ಲ. ಯಾಕೆ ಅಂದರೆ — ಏನೂ ಇಲ್ಲ, ಕೇಳಬೇಕು ಅನಿಸಿತು. ಮಾತಾಡುವ ಕಡೆಗೆ ಅಂಗೈ ಒತ್ತಿಕೊಂಡು ಕೇಳುತ್ತಿದ್ದೆ. ರೇವತಿ ಮಾಡಿದ ಸಾರು, ಅವಳ ಅತ್ತೆಯ ಕಿರಿಕಿರಿ, ಬೆಕ್ಕು ಮರಿ ಹಾಕಿದ್ದು. ಜಗುಲಿಯಲ್ಲಿ ಸೋಮಿ “ಎಂತ? ಎಂತ?” ಎಂದು ಕೂಗುತ್ತಿದ್ದಳು. ಹೊರಗಿನ ಫೋನು ಹಳೆಯದು, ಅವಳ ಕಿವಿಯೂ ಸ್ವಲ್ಪ ಮಂದ. ಒಳಗೆ ನನಗೆ ಎಲ್ಲ ಕೇಳುತ್ತಿತ್ತು.

ಆ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಸೋಮಿಯನ್ನು ಕೂಗಿದೆ. ಅವಳು ಬಂದು ಹೊರಗೆ ಎತ್ತಿದಳು. ನಾನು ಒಳಗೆ ಇಡಲಿಲ್ಲ.

“ಅವ್ವಿ, ನಂಗೆ ಇಲ್ಲಿ ಇರೂಕೆ ಆಗೂದಿಲ್ಲ. ಇವ ದಿನಾ ಹೊಡೀತ. ನಾಳೆ ಬೆಳಿಗ್ಗೆ ಬಸ್‌ಸ್ಟ್ಯಾಂಡಲ್ಲಿ ಕೂತಿರ್ತೆ, ನೀ ಬಂದು ಕರ್ಕಂಡು ಹೋಗು. ಒಬ್ಳೇ ಬಂದ್ರೆ ಓಡಿ ಬಂದವ್ಳು ಅಂತ ಅಣ್ಣ ಒಳಗೆ ಸೇರ್ಸೂದಿಲ್ಲ. ನೀ ಬರ್ಲಿಲ್ಲ ಅಂದ್ರೆ, ಬೇಡ ಅಂದೆ ಅಂತ ತಿಳ್ಕಂತೆ.”

ಹೊರಗೆ ಸೋಮಿ “ಎಂತ ಮಗಾ?” ಅಂದಳು. ರೇವತಿ ಮತ್ತೊಮ್ಮೆ ಹೇಳಿದಳು, ದನಿ ಇನ್ನೂ ತಗ್ಗಿಸಿ — ಬೂತಿನಲ್ಲಿ ಜನ ಇದ್ದರೋ ಏನೋ. ಆಗಲಾದರೂ ನಾನು ರಿಸೀವರ್ ಇಟ್ಟಿದ್ದರೆ ಸಾಕಿತ್ತು. ಆದರೆ ಇಡುವಾಗ ಟಕ್ ಅನ್ನುತ್ತದೆ. ಆ ಟಕ್ಕಿಗೆ ಹೆದರಿ ಹಿಡಿದುಕೊಂಡೇ ನಿಂತೆ.

ಮೂರನೇ ಸಲ ಕೇಳಲು ಸೋಮಿಗೆ ನಾಚಿಕೆ. ಬೂತಿನ ಮೀಟರು ಓಡುತ್ತದೆ ಎನ್ನುವ ಗಡಿಬಿಡಿ ಬೇರೆ. “ಆಯ್ತು ಮಗಾ, ಆಯ್ತಾಯ್ತು, ಇಡು” ಅಂದಳು. ಸರಿಯಾಗಿ ಕೇಳದಿದ್ದಾಗ ಫೋನಿನಲ್ಲಿ ನಾವೆಲ್ಲ ಹೇಳುವ ಆಯ್ತು ಅದು. ಆಚೆ ಕಡೆ ರೇವತಿ ಅದನ್ನು ತಾಯಿ ಕೊಟ್ಟ ಮಾತು ಅಂದುಕೊಂಡಳು.

ಸೋಮಿ ಕಿಟಕಿಯ ಹತ್ತಿರ ಬಂದಳು. “ಒಂದು ಶಬ್ದ ಸಮ ಕೇಳ್ಲಿಲ್ಲ ಒಡತಿ. ಎಂತ ಹೇಳ್ತೋ ಏನೋ.”

“ಹೇಳೂದು ಎಂತ? ಆರಾಮೇ ಇರ್ತದೆ ಬಿಡು” ಅಂದೆ.

ಕದ್ದು ಕೇಳಿದೆ ಎಂದು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ರೇವತಿ ಮತ್ತೆ ಫೋನು ಮಾಡಿ ನನಗೆ ಹೇಳಿದಳು ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಅದು ಆಗಲೇ ಹೊಳೆದಿತ್ತು, ಆಮೇಲೆ ಅಲ್ಲ. ಆದರೂ ಹೇಳಲಿಲ್ಲ. ಹುಡುಗಿ ಬಂದರೆ ಹಿಂದೆಯೇ ಗಂಡ ಬರುತ್ತಾನೆ, ಹಿತ್ತಿಲಲ್ಲಿ ಗಲಾಟೆ, ಯಾರ ಮನೆಯ ಫೋನಿನಿಂದ ಸುದ್ದಿ ಹೋಯಿತು ಎಂದು — ಇರಲಿ. ಇದನ್ನು ನೆಪ ಎಂದು ಬರೆಯುತ್ತಿಲ್ಲ. ಆಗ ತಲೆಯಲ್ಲಿ ಇದ್ದದ್ದು ಇದು.

ರೇವತಿ ಆಮೇಲೆ ಆ ನಂಬರಿಗೆ ಫೋನು ಮಾಡಲೇ ಇಲ್ಲ. ಚೌತಿಗೆ ಕರೆದರೂ ಬರಲಿಲ್ಲ. ಸೋಮಿ ತಾನೇ ಎರಡು ಸಲ ಕಾರವಾರಕ್ಕೆ ಹೋಗಿ ಬಂದಳು. ಮಗಳು ಚಾ ಕೊಟ್ಟು ಮುಖ ತಿರುಗಿಸಿ ಕೂತಳಂತೆ. “ನಾ ಅದಕೆ ಎಂತ ಮಾಡಿದೆ ಒಡತಿ?” ಎಂದು ನಮ್ಮ ಜಗುಲಿಯಲ್ಲೇ, ಆ ಸಾಕೆಟ್ಟಿನ ಕೆಳಗೇ ಕೂತು ಕೇಳಿದಳು. ನಾನು ಮೀನು ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ. ಒಂದು ಸಲ ಅಲ್ಲ, ವರ್ಷಗಟ್ಟಲೆ.

ಸೋಮಿ ತೀರಿಕೊಂಡು ಏಳು ವರ್ಷ. ಆ ಸಾವಿಗೆ ರೇವತಿ ಬಂದಳು. ಅಷ್ಟರಲ್ಲಿ ಅವಳ ಗಂಡನೂ ಇರಲಿಲ್ಲ. ಅವಳ ಎಡಗೈ ಸೊಟ್ಟಗಾಗಿತ್ತು — ಮುರಿದ ಎಲುಬು ಸರಿ ಕೂಡಿರಲಿಲ್ಲ. ಬೇಲಿಯ ಹತ್ತಿರ ನಿಂತು ನನಗೆ ಹೇಳಿದಳು, “ಆವತ್ತು ಮಧ್ಯಾಹ್ನದ ತನಕ ಕೂತಿದ್ದೆ. ಆಯ್ತು ಅಂದಿತ್ತು ಅವ್ವಿ. ಬರ್ಲೇ ಇಲ್ಲ.” ಅತ್ತು ಹೇಳಲಿಲ್ಲ. ಬಸ್ಸು ತಪ್ಪಿದ್ದನ್ನು ಹೇಳುವ ಹಾಗೆ ಹೇಳಿದಳು. ನಾನು ಅವಳ ಕೈ ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಬಣ್ಣ ಹೊಡೆಯಲು ಬಂದವರು ಜಗುಲಿಯ ಸಾಕೆಟ್ಟು ತೆಗೆಯಬೇಕೆ ಎಂದು ಕೇಳಿದರು. ಫೋನು ಹೋಗಿ ಎಷ್ಟೋ ವರ್ಷವಾಯಿತು. ಬೇಡ ಅಂದೆ. ಆ ದಿನವೇ ಇದನ್ನು ಬರೆಯಲು ಕೂತೆ. ಮುಗಿಸಿದ ಮೇಲೆ ಕಾರವಾರಕ್ಕೆ ಹೋಗಿ ಮೊದಲು ರೇವತಿಗೆ ಓದಿ ಹೇಳುತ್ತೇನೆ. ಅವಳಿಗೂ ಓದಲು ಬರುತ್ತದೆ. ಆದರೂ ನನ್ನ ಬಾಯಿಂದಲೇ ಹೇಳಬೇಕು. ಬೈದರೆ ಬೈಯಲಿ, ಬಾಗಿಲು ಹಾಕಿದರೆ ಹಾಕಲಿ. ಕ್ಷಮಿಸು ಎಂದು ಕೇಳುವುದಿಲ್ಲ. ಅವಳಿಗೆ ಒಂದು ಗೊತ್ತಾಗಬೇಕು: ಅವಳ ತಾಯಿ ಬೇಡ ಅನ್ನಲಿಲ್ಲ. ಕೇಳಿದ್ದರೆ ಬುಟ್ಟಿ ಅಲ್ಲೇ ಬಿಟ್ಟು ಓಡುತ್ತಿದ್ದಳು.

ಇನ್ನೊಂದನ್ನೂ ಓದುತ್ತೇನೆ. ಮರುದಿನ ಬೆಳಿಗ್ಗೆಯದು.

ಸೋಮಿ ಎಂದಿನ ಹಾಗೆ ಬಂದು ಜಗುಲಿಯಲ್ಲಿ ಬುಟ್ಟಿ ಇಳಿಸಿದಳು. ರಸ್ತೆಯಲ್ಲಿ ಕಾರವಾರದ ಬಸ್ಸು ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ನಾನು ಸ್ಕ್ರೂಡ್ರೈವರ್ ತಂದು ಅವಳೆದುರೇ ಸಾಕೆಟ್ಟಿನ ಮುಚ್ಚಳ ಬಿಚ್ಚಿದೆ. ಎರಡೂ ತಂತಿ ಗಟ್ಟಿಯಾಗಿಯೇ ಇದ್ದವು. ಸಡಿಲ ಮಾಡಿ ಮತ್ತೆ ಬಿಗಿದೆ. “ಇದೇ ನೋಡು, ತಂತಿ ಸಡ್ಲ ಆಗಿತ್ತು, ಅದ್ಕೇ ನಿಂಗೆ ಕೇಳ್ಲಿಲ್ಲ” ಎಂದು ರಿಸೀವರ್ ಅವಳ ಕಿವಿಗೆ ಹಿಡಿದೆ.

“ಹೌದು ಒಡತಿ, ಈಗ ಎಷ್ಟು ಜೋರು ಕೇಳ್ತದೆ!”

ಬಸ್ಸು ಹೊರಟಿತು. ಸೋಮಿ ಖುಷಿಯಿಂದ ಎರಡು ಬಂಗಡೆ ಹೆಚ್ಚಿಗೆ ಹಾಕಿದಳು. ನಾನು ಈಸಿಕೊಂಡು ಒಳಗೆ ಹೋಗಿ ಕೊಯ್ಯಲು ಕೂತೆ.