ಹಳದಿ ಬೆಳಕಿನ ಕೋಣೆಯ ಚಾಚಾ

ಚಾಚಾರ ಎಡಗಣ್ಣಿನ ಸುತ್ತ ಒಂದು ದುಂಡನೆಯ ಗುರುತು ಸದಾ ಇರುತ್ತಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣೊತ್ತಿ ಒತ್ತಿ ಮೂಡಿದ್ದು. ಬೈಲಹೊಂಗಲದ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಅವರು ಅಟೆಂಡರ್. ಓದಿದ್ದು ಏಳನೆಯ ಇಯತ್ತೆ. ಆದರೆ ಯಾವ ಮಸೂರಕ್ಕೆ ಎಲ್ಲಿ ಗೀರು ಬಿದ್ದಿದೆ ಎಂಬುದು ನಮ್ಮ ಸರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಕತ್ತಲೆ ಕೋಣೆಯಲ್ಲಿ ಸೋಡಿಯಂ ದೀಪ ಹಚ್ಚಿದರೆ ಮೊದಲು ಗುಲಾಬಿ ಬಣ್ಣ, ಆಮೇಲೆ ನಿಧಾನವಾಗಿ ಹಳದಿ. ನಾವು ಅವಸರ ಮಾಡಿದರೆ, "ತಡೀರಿ, ಅದು ಬಣ್ಣಕ್ಕ ಬರಲಿ" ಎನ್ನುತ್ತಿದ್ದರು. ಆ ಬೆಳಕಿನಲ್ಲಿ ನಮ್ಮ ಕೈ, ಪುಸ್ತಕ, ಚಾಚಾರ ಬಿಳಿ ಗಡ್ಡ ಎಲ್ಲ ಒಂದೇ ಬಣ್ಣವಾಗಿ ತೇಲುತ್ತಿರುವಂತೆ ಕಾಣುತ್ತಿದ್ದವು.

ಬಿಎಸ್ಸಿ ಮುಗಿಯುವ ಹೊತ್ತಿಗೆ ನನಗೆ ಎರಡು ಕಡೆ ಸೀಟು ಸಿಕ್ಕಿತ್ತು. ದೂರದ ಸಂಸ್ಥೆಯೊಂದರಲ್ಲಿ ಎಂಎಸ್ಸಿ ಇಲ್ಲದೆಯೇ ನೇರ ಪಿಎಚ್‌ಡಿ, ಧಾರವಾಡದಲ್ಲಿ ಎಂಎಸ್ಸಿ. "ಎರಡು ವರ್ಷ ಉಳೀತಾವು, ನೇರ ಹೋಗು" ಎಂದರು ಅಪ್ಪ. ಸರ್ ಹೇಳಿದ್ದೂ ಅದನ್ನೇ. ಆದರೆ ಅಲ್ಲಿ ಸೇರುವಾಗಲೇ ಸಂಶೋಧನೆಯ ವಿಷಯ ಬರೆದುಕೊಡಬೇಕಿತ್ತು. ಆ ಜಾಗ ಖಾಲಿಯಿದ್ದ ಪ್ರವೇಶ ಅರ್ಜಿ ಹಿಡಿದು ಪ್ರಯೋಗಾಲಯಕ್ಕೆ ಹೋದೆ.

"ಏನ ಹುಡುಕಾಕ ಹೊಂಟೀ ಬೇಟಿ?" ಚಾಚಾ ಕೇಳಿದರು.

"ಅದ ಗೊತ್ತಿಲ್ರಿ."

ಅವರು ದೀಪ ಹಚ್ಚಿದರು. ಎರಡು ಗಾಜುಗಳ ನಡುವೆ ಮೂಡುವ ನ್ಯೂಟನ್ ಉಂಗುರಗಳನ್ನು ನೋಡುತ್ತ ಕುಳಿತೆ. ಒಂದರೊಳಗೊಂದು, ಕಪ್ಪು, ಹಳದಿ, ಮತ್ತೆ ಕಪ್ಪು. ಪರೀಕ್ಷೆಗೆಂದು ಎಷ್ಟೋ ಸಲ ಎಣಿಸಿದ್ದೆ, ಸುಮ್ಮನೆ ನೋಡಿರಲಿಲ್ಲ. ತಲೆಯೆತ್ತಿದಾಗ ಹೊರಗೆ ಸಂಜೆಯಾಗಿತ್ತು.

"ನಾ ಭಾಳ ಸಾಲಿ ಕಲತಾಂವಲ್ಲ," ಎಂದರು ಚಾಚಾ. "ಏನ ಬೇಕಂತ ಗೊತ್ತಿದ್ದವರು ನೇರ ಹೋಗಲಿ. ನೀ ಇನ್ನೆರಡು ವರ್ಷ ಎಲ್ಲಾ ನೋಡು. ಯಾವುದರ ಮುಂದ ಹೊತ್ತು ಮರೀತಿ, ಅದನ್ನ ಹಿಡಿ."

ಧಾರವಾಡಕ್ಕೆ ಹೋದೆ. ಎರಡನೆಯ ವರ್ಷ, ಬೆಳಕಿನ ಅಧ್ಯಯನವೇ ನನ್ನದೆಂದು ಖಚಿತವಾಯಿತು. ಅದರಲ್ಲೇ ಪಿಎಚ್‌ಡಿಗೆ ಸೇರಿದೆ. ನಮ್ಮ ತರಗತಿಯಿಂದ ನೇರ ಪಿಎಚ್‌ಡಿಗೆ ಹೋದ ಗೆಳತಿಯೊಬ್ಬಳು ನನಗಿಂತ ಮೊದಲೇ ಡಾಕ್ಟರೇಟ್ ಪಡೆದಳು. ಅವಳ ದಾರಿಯೂ ತಪ್ಪಲ್ಲ, ಏನು ಬೇಕೆಂದು ಅವಳಿಗೆ ಗೊತ್ತಿತ್ತು. ಊರಿಗೆ ಬಂದಾಗಲೆಲ್ಲ ಚಾಚಾರನ್ನು ಕಾಣಬೇಕೆಂದುಕೊಂಡು ಮುಂದೂಡಿದೆ.

ಕಳೆದ ವರ್ಷ ಅವರು ತೀರಿಕೊಂಡರು. ಮನೆಗೆ ಹೋಗಿ ಹೆಸರು ಹೇಳಿದೆ. ಅವರ ಹೆಂಡತಿ ನನ್ನನ್ನೇ ದಿಟ್ಟಿಸಿದರು.

"ನೀನ ಏನವ್ವ ಆ ಹುಡುಗಿ? ನಿನ್ನ ಗೆಳತಿ ಡಾಕ್ಟರೇಟ್ ಮುಗಿಸಿದ ಸುದ್ದಿ ಕೇಳಿದಾಗಿಂದ ಅವ್ರಿಗೆ ಒಂದ ಚಿಂತಿ. 'ನನ್ನ ಮಾತ ಕೇಳಿ ಆ ಹುಡುಗಿ ಎರಡು ವರ್ಷ ಕಳಕೊಂಡ್ಳೇನು' ಅಂತಿದ್ರು."

"ಕಳಕೊಳ್ಳಲಿಲ್ರಿ ಚಾಚಿ. ನನಗ ನನ್ನ ಕೆಲಸ ಸಿಕ್ಕಿದ್ದ ಆ ಎರಡು ವರ್ಷದಾಗ."

ಚಾಚಿ ನನ್ನ ಕೈ ಹಿಡಿದರು.

"ಇದನ್ನ ಅವ್ರಿಗೆ ಹೇಳಬೇಕಿತ್ತವ್ವ," ಎಂದರು.