ಅಂಗೈಯ ಶಾಯಿ

ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾಗ ನನ್ನ ಎಡ ಅಂಗೈಯೇ ನನ್ನ ಡಿಕ್ಷನರಿ. ಓಟದಲ್ಲಿ ನನ್ನನ್ನು ಹಿಂದೆ ಹಾಕುವ ಹುಡುಗಿ ಬನಹಟ್ಟಿಯಲ್ಲಿರಲಿಲ್ಲ. ಇಂಗ್ಲಿಷ್ ಶಬ್ದ ಕಂಡರೆ ಮಾತ್ರ ಕಾಲು ನಡುಗುತ್ತಿತ್ತು. ದಿನಕ್ಕೆ ಹತ್ತು ಶಬ್ದ ನೀಲಿ ಶಾಯಿಯಲ್ಲಿ ಅಂಗೈ ಮೇಲೆ ಬರೆದುಕೊಂಡು ಕಲಿತೇ ತೀರುತ್ತೇನೆಂದು ಹಟ ಹಿಡಿದಿದ್ದೆ.

ಕೆಲಸದಲ್ಲಿ ಪುಸ್ತಕ ಹಿಡಿಯುವಂತಿರಲಿಲ್ಲ. ಪಕ್ಕದ ಮನೆಯ ದೊಡ್ಡವ್ವನ ಜೊತೆ ಮಗ್ಗಗಳಿಗೆ ಉದ್ದನೂಲಿನ ಹಾಸು ಕೆಚ್ಚಲು ಹೋಗುತ್ತಿದ್ದೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಸೇರಿಸಿ ಹೊಸೆಯಬೇಕು. ಸಾವಿರಾರು ಎಳೆ. ಕೈಗೆ ಬಿಡುವಿಲ್ಲ, ಬಾಯಿ ಖಾಲಿ. ಅಂಗೈ ನೋಡಿ ನಾನು "ವಿಟ್ನೆಸ್ ಅಂದ್ರ ಸಾಕ್ಷಿ" ಎಂದರೆ ದೊಡ್ಡವ್ವನೂ ನನ್ನ ಜೊತೆ ಗುನುಗುತ್ತಿದ್ದಳು.

ಬೇಸಿಗೆಯ ಒಂದು ಮಧ್ಯಾಹ್ನ ಹಾಲಿನಂಥ ಬಿಳಿ ಹಾಸು ಕೆಚ್ಚುತ್ತಿದ್ದೆವು. ಬೆವರಿದ ಅಂಗೈಯನ್ನು ಅದರ ಮೇಲೆಯೇ ಊರಿದ್ದೇನೆಂಬ ಖಬರು ನನಗಿರಲಿಲ್ಲ. ಮಗ್ಗದ ಸಾಹುಕಾರರು ಬಂದು ನೋಡಿದರೆ ಗೇಣಗಲ ನೀಲಿ ಕಲೆ. ಅವರ ಕಣ್ಣು ನೇರವಾಗಿ ದೊಡ್ಡವ್ವನ ಉಗುರಿಗೆ ಬಿತ್ತು. ಬೆಳಿಗ್ಗೆ ಬಿಳಿ ಬಟ್ಟೆಗೆ ನೀಲಿ ಹಾಕಿ ಬಂದಿದ್ದಳು, ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು.

"ಕೈ ತೊಳಕೊಂಡು ಬರಾಕ ಏನಾಗಿತ್ತ ನಿನಗ? ನಾಳಿಯಿಂದ ನಮ್ಮ ಮಗ್ಗಕ್ಕ ಬರಬ್ಯಾಡ!"

"ತಪ್ಪಾತ್ರಿ, ಸಾವ್ಕಾರ್ರ," ಎಂದಳು ದೊಡ್ಡವ್ವ.

ನಾನು ಎಡಗೈ ಮುಷ್ಟಿ ಮಾಡಿ ಹೊದ್ದಿದ್ದ ಓಡನಿಯೊಳಗೆ ಮುಚ್ಚಿಕೊಂಡೆ. ಹೇಳಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ, ನಾಲ್ಕು ಬೈಗುಳ ಬೀಳುತ್ತಿದ್ದವು. ಅಷ್ಟಕ್ಕೇ ಹೆದರಿದೆ.

ನಮ್ಮ ಓಣಿಯಲ್ಲಿ ಒಬ್ಬರು ಬೇಡವೆಂದರೆ ಹತ್ತು ಮಂದಿ ಬೇಡವೆನ್ನುತ್ತಾರೆ. ಮೂವತ್ತು ವರ್ಷ ಹಾಸು ಕೆಚ್ಚಿದವಳು ಮನೆಯ ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತತೊಡಗಿದಳು. ನನ್ನನ್ನು ಮಾತ್ರ ಎಲ್ಲರೂ ಕರೆಯುತ್ತಲೇ ಇದ್ದರು. ನಾಚಿಕೆಗೆಟ್ಟವಳು, ನಾನೂ ಹೋಗುತ್ತಲೇ ಇದ್ದೆ. ಅಂಗೈ ಮೇಲೆ ಬರೆಯುವುದನ್ನಷ್ಟೇ ಬಿಟ್ಟೆ.

ಪರೀಕ್ಷೆ ಪಾಸಾಯಿತು. ಸುದ್ದಿ ಕೇಳಿ ದೊಡ್ಡವ್ವ ಸಕ್ಕರೆ ಹಿಡಿದುಕೊಂಡು ಬಂದಳು. ಬಾಯಿಗೆ ಹಾಕಿ, ನನ್ನ ಎಡಗೈ ತೆಗೆದುಕೊಂಡು ಬೆರಳು ಬಿಡಿಸಿ ನೋಡಿದಳು.

"ಅವತ್ತ ಇದನ್ನ ನೋಡಿದ್ನಿ, ಯವ್ವಾ. ನೀನ ಹೇಳ್ತಿ ಅಂತ ಸುಮ್ನ ಇದ್ನಿ."

ಬಾಯಲ್ಲಿ ಸಕ್ಕರೆ ಇತ್ತು. ಅವಳು ಬಿಡಿಸಿದ ಬೆರಳನ್ನು ನಾನು ಮತ್ತೆ ಮಡಚಿಕೊಂಡೆ.

ಈಗ ಠಾಣೆಗೆ ಬಂದವರಿಗೆ ದಿನಾ "ಖರೆ ಹೇಳ್ರಿ" ಎನ್ನುವುದು ನನ್ನ ಕೆಲಸ. ಯೂನಿಫಾರ್ಮ್ ತೊಟ್ಟು ಆ ಸಾಹುಕಾರರ ಬಾಗಿಲ ಮುಂದೆ ಎಷ್ಟು ಸಲ ಹಾದಿದ್ದೇನೋ. ಒಳಗೆ ಹೋಗಿ, ಆ ಕಲೆ ನನ್ನದು ಎಂದು ಇವತ್ತಿಗೂ ಹೇಳಿಲ್ಲ.