ಕೂಗದ ಹೂಟರ್

ಹಿಮಾಯತ್‌ನಗರದ ಸೆಲೂನಿನಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಕುಳಿತಿದ್ದೆ. ತಂಗಿಯ ಮಗಳ ಮದುವೆ ಹತ್ತಿರ ಬಂದಿದೆ. "ಹಿಂಗ ಹೋದ್ರ ಬೀಗರು ನಿಮ್ಮನ್ನ ಹುಡುಗಿ ಅಜ್ಜ ಅಂತಾರ ನೋಡ್ರಿ" ಎಂದು ಹೆಂಡತಿ ಹೆದರಿಸಿದ್ದಳು. ಮದುವೆಮನೆಯಲ್ಲಿ ಸೋದರಮಾವನ ತಲೆಯನ್ನು ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಅವಳು ಸೆಲೂನಿನ ದುಡ್ಡು ಕೈಗಿಟ್ಟಳು; ಬಂದು ಕುಳಿತೆ.

ಬಟ್ಟಲಿನಲ್ಲಿ ಬಣ್ಣ ಕಲಸುವಾಗಲೇ ಆ ವಾಸನೆ ಬಂದಿತ್ತು. ಅರ್ಧ ತಲೆ ಮುಗಿಯುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಕೊರಳಿಗೆ ಕಟ್ಟಿದ ಬಟ್ಟೆಯೊಂದಿಗೇ ಎದ್ದು ಬಾಗಿಲಿಗೆ ಬಂದು ನಿಂತೆ.

"ಕ್ಯಾ ಹುವಾ ಸಾಬ್?" ಎಂದ ಕ್ಷೌರಿಕ, ಬ್ರಷ್ ಹಿಡಿದುಕೊಂಡೇ.

"ಏನಿಲ್ಲ, ಸ್ವಲ್ಪ ಗಾಳಿ ಬೇಕು" ಎಂದೆ.

ಸುಳ್ಳು. ಅದು ಅಮೋನಿಯಾದ ವಾಸನೆ. ಮೂಗಿಗೆ ತಾಗಿದರೆ ನಾನು ಇನ್ನೂ ಬಾಗಿಲು ಹುಡುಕುತ್ತೇನೆ. ಹೊರಗೆ ಬಂದ ಮೇಲೆ ಸಿಟ್ಟು ಬರುತ್ತದೆ. ಆ ಸಿಟ್ಟು ನಿಲ್ಲುವುದಿಲ್ಲ.

ನಾನು ಕೆಲಸ ಮಾಡುವ ಕಂಪನಿ ತರಕಾರಿ, ಕಾಳುಗಳನ್ನು ಹೆಪ್ಪುಗಟ್ಟಿಸಿ ಮಾರುತ್ತದೆ. ಕಂಪ್ಯೂಟರಿನವರಾದ ನಮ್ಮ ಕಚೇರಿ ಕೊಂಡಾಪುರದಲ್ಲಿ. ಶೀತಲ ಗೋದಾಮು ಊರಾಚೆ. ಅಷ್ಟು ದೊಡ್ಡ ಗೋದಾಮನ್ನು ತಣ್ಣಗಿಡಲು ಕೊಳವೆಗಳಲ್ಲಿ ಅಮೋನಿಯಾ ಓಡುತ್ತಿರುತ್ತದೆ. ಸೋರಿದರೆ ಕಣ್ಣು, ಗಂಟಲು, ಶ್ವಾಸ ಎಲ್ಲ ಸುಡುತ್ತದೆ. ಹೆಚ್ಚಾದರೆ ಜೀವವೇ ಹೋಗುತ್ತದೆ. ಅದಕ್ಕೇ ಗೋಡೆಗಳ ಮೇಲೆ ಅನಿಲ ಪತ್ತೆ ಹಚ್ಚುವ ಸೆನ್ಸರುಗಳು, ಬಾಗಿಲ ಮೇಲೆ ಕೂಗಿ ಎಚ್ಚರಿಸುವ ಒಂದು ಹೂಟರ್. ಗೋದಾಮಿನ ಮೂಲೆಯ ಕೋಣೆಯಲ್ಲಿದ್ದ ಹಳೆಯ ಸರ್ವರ್ ಇವೆರಡನ್ನೂ ಕಾಯುತ್ತಿತ್ತು. ಅದರ ಫ್ಯಾನು ಕೆಮ್ಮುತ್ತಿದ್ದರೂ ಒಂದು ದಿನ ರಜೆ ಹಾಕಿದ್ದಿಲ್ಲ.

ಗೋದಾಮಿಗೆ ಹೋದಾಗಲೆಲ್ಲ ನನಗೆ ಶರಣಮ್ಮನ ದರ್ಶನವಾಗುತ್ತಿತ್ತು. ದರ್ಶನಕ್ಕಿಂತ ಮೊದಲು ದನಿ ಕೇಳುತ್ತಿತ್ತು. ಯಾದಗಿರಿ ಕಡೆಯಿಂದ ಬಂದು ಕಾಳು ತುಂಬುವ ಕೆಲಸಕ್ಕೆ ಸೇರಿದ ಹೆಂಗಸು. ಒಳಗಿನ ದೈತ್ಯ ಫ್ಯಾನುಗಳ ಮೊರೆತವನ್ನೂ ದಾಟಿ ಆಕೆಯ ಮಾತು ಹೊರಗಿನ ಲಾರಿಯವರಿಗೆ ಕೇಳುತ್ತಿತ್ತು. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ನನಗೂ ಬಿಡುವಿಲ್ಲ.

"ಏನ್ರೀ ಕಂಪ್ಯೂಟರ್ ಸರ, ಮಾರಿ ಒಣಗಿಸ್ಕೊಂಡು ಬಂದೀರಿ? ಮನ್ಯಾಗ ಅಕ್ಕಾರು ರೊಟ್ಟಿ ಹಾಕಲಿಲ್ಲೇನು?"

ಮೇಸ್ತ್ರಿ ತೆಲುಗಿನವನು. "ಶರಣಮ್ಮ ಉಂಡಗಾ ಹೂಟರ್ ಎಂದುಕು?" ಎಂದು ನಗುತ್ತಿದ್ದ. ಶರಣಮ್ಮ ಇರುವಾಗ ಹೂಟರ್ ಯಾಕೆ ಎಂದು.

"ಹೂಟರಿಗೆ ಪಗಾರ ಕೊಡಂಗಿಲ್ಲಪಾ. ನನಗರೆ ಕೊಡ್ತಾರ" ಎನ್ನುತ್ತಿದ್ದಳು ಶರಣಮ್ಮ.

ಆಗ ಕಂಪನಿಗೆ ಕ್ಲೌಡ್ ಬಂತು. ಕ್ಲೌಡ್ ಎಂದರೆ ಹೆದರಬೇಡಿ. ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರುಗಳನ್ನು ನೆಟ್‌ನ ಮೂಲಕ ಬಾಡಿಗೆಗೆ ಹಿಡಿಯುವುದು, ಅಷ್ಟೇ. ಒಳ್ಳೆಯ ವ್ಯವಸ್ಥೆಯೇ. ಆದರೆ ಅಬಿಡ್ಸ್‌ನಲ್ಲಿ ಪುಸ್ತಕದಂಗಡಿಯ ಮುಂದೆ ಆಟೋ ನಿಲ್ಲಿಸಿಕೊಂಡು ಒಳಗೆ ಮೈಮರೆತರೆ ಹೊರಗೆ ಮೀಟರ್ ಓಡುತ್ತಿರುತ್ತದಲ್ಲ, ಇದೂ ಹಾಗೆ. ಹೂಟರ್ ಕಾಯುವ ಕೆಲಸವನ್ನೂ ಅಲ್ಲಿಗೇ ಸಾಗಿಸಿದರು. ಗೋದಾಮಿನ ಸೆನ್ಸರ್ ಸುದ್ದಿಯನ್ನು ಕ್ಲೌಡಿಗೆ ಕಳಿಸಬೇಕು, ಕ್ಲೌಡ್ ಮರಳಿ ಗೋದಾಮಿನ ಹೂಟರಿಗೆ ಕೂಗು ಎನ್ನಬೇಕು. ನಡುವೆ ನೆಟ್ ಹೋದರೆ ಎಂದು ನಾನು ಸಭೆಯಲ್ಲಿ ಕೇಳಿದೆ. "ಎರಡು ಲೈನ್ ಇವೆ. ನೀವು ಇನ್ನೂ ಹಳೇ ಕಾಲದಲ್ಲೇ ಇದ್ದೀರಿ" ಎಂದರು ನಮ್ಮ ಐಟಿ ಮುಖ್ಯಸ್ಥರು. ಸಭೆ ನಕ್ಕಿತು. ನನ್ನ ಬಿಳಿ ತಲೆ ಅವರ ಮಾತಿಗೆ ಸಾಕ್ಷಿ ಹೇಳುತ್ತಿತ್ತು.

ಮೊದಲ ಬಿಲ್ ಬಂದಾಗ ನಗು ನಿಂತಿತು. ಹೊಸ ನಿಯಮ ಬಂತು: ಬಾಡಿಗೆಯ ಪ್ರತಿ ಯಂತ್ರಕ್ಕೂ ಒಂದು ಟ್ಯಾಗ್ ಇರಬೇಕು, ಅದರಲ್ಲಿ ಒಡೆಯನ ಹೆಸರಿರಬೇಕು, ಖರ್ಚು ಆ ವಿಭಾಗದ ಲೆಕ್ಕಕ್ಕೆ. ಹೆಸರಿಲ್ಲದ ಯಂತ್ರಗಳು ರಜಾದಿನಗಳಲ್ಲಿ ತಾವಾಗಿಯೇ ಬಂದ್ ಆಗುತ್ತವೆ.

ಹೂಟರ್ ಕಾಯುವ ಯಂತ್ರಕ್ಕೆ ಯಾರ ಹೆಸರು? ಅದು ಗೋದಾಮಿನದು ಎಂದರು ನಮ್ಮ ಮುಖ್ಯಸ್ಥರು. ನಾವು ಕಾಳು ನೋಡುವವರು, ಕಂಪ್ಯೂಟರ್ ನಮಗೇಕೆ ಎಂದರು ಗೋದಾಮಿನ ಮ್ಯಾನೇಜರ್. ಸುರಕ್ಷತಾ ಅಧಿಕಾರಿ ತಮ್ಮ ಬಜೆಟ್ ಹೆಲ್ಮೆಟ್ಟಿಗೇ ಸಾಲದು ಎಂದರು. ಪತ್ರಗಳು ಮೂವರ ನಡುವೆ ಓಡಾಡಿದವು. ಹೆಸರು ಬರೆಯುವ ಅಧಿಕಾರ ಆ ಮೂವರಿಗೆ ಮಾತ್ರ. ಯಾರೂ ಬರೆಯಲಿಲ್ಲ.

ಬೋನಾಲು ಹಬ್ಬದ ರಜೆ. ಕಚೇರಿಗೆ ಬೀಗ. ಗೋದಾಮಿಗೆ ರಜೆಯಿಲ್ಲ, ಸ್ವೀಟ್ ಕಾರ್ನ್ ಲಾರಿಗಟ್ಟಲೆ ಬಂದು ನಿಂತಿತ್ತು. ಹಳೆಯ ಸರ್ವರನ್ನು ಗುಜರಿಯವನಿಗೆ ಒಪ್ಪಿಸಲು ನಾನು ಅಲ್ಲಿಗೆ ಹೋಗಿದ್ದೆ. ಅವನು ಅದನ್ನು ಹೊರಗೊಯ್ದು ಟೆಂಪೋಗೆ ಏರಿಸುತ್ತಿದ್ದಾಗ ಮೂಗಿಗೆ ಏನೋ ಚುರ್ ಎಂದಿತು. ಮರುಕ್ಷಣ ಒಲೆಗೆ ಮೆಣಸಿನಕಾಯಿ ಸುರಿದಂತೆ ಕಣ್ಣು ಉರಿಯಿತು. ಗೋಡೆಯ ಸೆನ್ಸರಿನ ಕೆಂಪು ದೀಪ ಪಟಪಟ ಮಿನುಗುತ್ತಿತ್ತು. ನಾನು ತಲೆಯೆತ್ತಿ ಹೂಟರನ್ನು ನೋಡಿದೆ. ಈಗ ಕೂಗುತ್ತದೆ, ಈಗ ಕೂಗುತ್ತದೆ. ಇವತ್ತಿಗೂ ಕಣ್ಣು ಮುಚ್ಚಿದರೆ ನಾನು ಅಲ್ಲೇ ನಿಂತು ಅದನ್ನೇ ನೋಡುತ್ತಿರುತ್ತೇನೆ.

ಅದು ಕೂಗಲಿಲ್ಲ.

ಕರವಸ್ತ್ರವನ್ನು ಮೂಗಿಗೊತ್ತಿ ಪ್ಲಾಸ್ಟಿಕ್ ಪರದೆ ಸರಿಸಿದೆ. ಒಳಗೆ ಹೆಂಗಸರು ಕಿವಿಗೆ ಸ್ಕಾರ್ಫ್ ಸುತ್ತಿಕೊಂಡು, ಬೆನ್ನು ತಿರುಗಿಸಿ ಕಾಳು ತುಂಬುತ್ತಿದ್ದರು. ನಾನು ಕೂಗಿದ್ದು ಫ್ಯಾನುಗಳ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಬಾಗಿಲ ಹತ್ತಿರವಿದ್ದ ಶರಣಮ್ಮ ತಿರುಗಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ವಾಸನೆ ಆಕೆಗೂ ತಾಗಿರಬೇಕು. ಓಡಬಹುದಿತ್ತು. ಬಾಗಿಲು ಎರಡು ಹೆಜ್ಜೆ. ಆಕೆ ಎದೆ ತುಂಬ ಉಸಿರೆಳೆದುಕೊಂಡಳು.

"ಓಡ್ರೇ! ಯವ್ವಾ, ಹೊರಗ ಓಡ್ರೇ! ಎಲ್ಲಾ ಬಿಟ್ಟು ಓಡ್ರೇ!"

ಮತ್ತೆ ಉಸಿರೆಳೆದು ಮತ್ತೆ ಕೂಗಿದಳು. ಒಳಗೆಳೆದುಕೊಳ್ಳುತ್ತಿದ್ದುದು ಏನೆಂದು ನಿಮಗೆ ಗೊತ್ತು. ಕೊನೆಯ ಹೆಂಗಸು ಹೊರಬರುವವರೆಗೂ ಕೂಗಿದಳು. ಆಮೇಲೆ ಹೊರಗಿನ ಬಯಲಿನಲ್ಲಿ ಮಂಡಿಯೂರಿ ಕೆಮ್ಮುತ್ತ ಬಿದ್ದಳು.

ಎಲ್ಲರೂ ಬದುಕಿದರು. ಶರಣಮ್ಮನೂ ಬದುಕಿದಳು. ಆಸ್ಪತ್ರೆಯಿಂದ ಬಂದ ಮೇಲೆ ದನಿ ಮಾತ್ರ ಬರಲಿಲ್ಲ. ಪಿಸುಮಾತು, ಅಷ್ಟೇ.

ಆ ದಿನ ನೆಟ್ ಹೋಗಿರಲಿಲ್ಲ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ರಜಾದಿನ, ಹೆಸರಿಲ್ಲದ ಯಂತ್ರ, ಬಂದ್. ನಿಯಮ ಹೇಳಿದಂತೆಯೇ ಎಲ್ಲ ನಡೆದಿತ್ತು.

ವಿಚಾರಣೆಯ ಸಭೆಯಲ್ಲಿ ಪರದೆಯ ಮೇಲೆ ಚಂದದ ಅಕ್ಷರಗಳಲ್ಲಿ ಬಂತು: "ಕಾರಣ: ಟ್ಯಾಗ್ ಇರಲಿಲ್ಲ." ಮಳೆ ಬರಲಿಲ್ಲ ಎಂಬಂತೆ. ಮೂವರೂ ಸಾಲಾಗಿ ಕುಳಿತು ತಲೆಯಾಡಿಸಿದರು. ಅದರ ಕೆಳಗೆ, "ಪ್ರಾಣಹಾನಿ ಇಲ್ಲ."

"ಅಂದರು ಸೇಫ್ ಕದಾ" ಎಂದರು ಮ್ಯಾನೇಜರ್. ಎಲ್ಲರೂ ಕ್ಷೇಮವಲ್ಲವೇ ಎಂದು.

"ಒಬ್ಬಾಕೆಯ ದನಿ ಹೋಗಿದೆ" ಎಂದೆ.

"ಅದನ್ನ ಇನ್ಶೂರೆನ್ಸ್‌ನವರು ನೋಡಿಕೊಳ್ತಾರೆ."

ನಾನು ಜೋರು ಮಾತಿನವನಲ್ಲ. ಬಸ್ಸಿನಲ್ಲಿ ಕಾಲು ತುಳಿದವರಿಗೆ ನಾನೇ ಸಾರಿ ಹೇಳುತ್ತೇನೆ. ಅಂದು ಮೇಜು ಗುದ್ದಿದೆ; ಚಹಾದ ಕಪ್ಪು ಉರುಳಿತು. ಸೆನ್ಸರಿನಿಂದ ಹೂಟರಿಗೆ ನೇರವಾಗಿ ಒಂದು ತಂತಿ ಎಳೆಯಿರಿ, ನಡುವೆ ಯಾವ ಕಂಪ್ಯೂಟರೂ ಬೇಡ, ಅಲ್ಲಿಯವರೆಗೆ ನಾನು ಈ ವರದಿಗೆ ಸಹಿ ಮಾಡುವುದಿಲ್ಲ ಎಂದೆ. "ಮತ್ತೆ ತಂತಿಗೆ ಹೋಗೋದಾ?" ಎಂದು ನಮ್ಮ ಮುಖ್ಯಸ್ಥರು ಕನಿಕರದಿಂದ ನನ್ನನ್ನು ನೋಡಿದರು. ಹೆಸರಿಲ್ಲದ ಯಂತ್ರವನ್ನು ಬಂದ್ ಮಾಡದಂತೆ ನಿಯಮಕ್ಕೊಂದು ತೇಪೆ ಹಾಕಿ ಸುಮ್ಮನಾದರು. ದಸರಾ ಹೋಯಿತು, ಸಂಕ್ರಾಂತಿ ಹೋಯಿತು, ಯುಗಾದಿಯೂ ಹೋಯಿತು. ಕೊನೆಗೆ ತಂತಿ ಮಂಜೂರಾಯಿತು. ಶರಣಮ್ಮನ ಗಂಟಲಿಗಾಗಿ ಅಲ್ಲ. ತಂತಿಯಿಲ್ಲದಿದ್ದರೆ ಗೋದಾಮಿನ ವಿಮೆ ನವೀಕರಿಸುವುದಿಲ್ಲ ಎಂದು ವಿಮೆಯವರು ಹೇಳಿದ್ದಕ್ಕಾಗಿ.

ಇದನ್ನೆಲ್ಲ ನೆನೆಯುತ್ತ ಸೆಲೂನಿನ ಬಾಗಿಲಲ್ಲಿ ನಿಂತಿದ್ದಾಗ ಫೋನ್ ಬಂತು. ಶರಣಮ್ಮ. ಈಗ ಆಕೆಗೆ ಹೊರಗಿನ ಅಂಗಳದಲ್ಲಿ ಡಬ್ಬ ಕಟ್ಟುವ ಕೆಲಸ.

"ಸರ, ತಂತಿ ಎಳದಾರ್ರೀ. ಈಗ ಕೂಗ್ಸಿ ನೋಡಾಕತ್ತಾರ, ತಡೀರಿ" ಎಂದು ಪಿಸುಗುಟ್ಟಿ ಫೋನನ್ನು ಮೇಲೆತ್ತಿ ಹಿಡಿದಿರಬೇಕು. ಹೂಟರ್ ಕೂಗಿತು. ಪಕ್ಕದ ಅಂಗಡಿಯವನು ಬೆಚ್ಚಿ ತಿರುಗಿ ನೋಡಿದ.

"ಕೇಳಿಸ್ತೇನ್ರೀ?"

"ಕೇಳಿಸ್ತು ಶರಣಮ್ಮ."

"ನನ್ನ ದನಿ ಅದಕ್ಕ ಕೊಟ್ಟಾರ ನೋಡ್ರಿ. ಆದ್ರೂ ನನ್ನಷ್ಟು ಜೋರಿಲ್ಲ ಬಿಡ್ರಿ."

ಆಕೆ ನಕ್ಕಿದ್ದು ಬರಿಯ ಗಾಳಿಯಾಗಿ ಕೇಳಿತು. ನನಗೆ ನಗಲು ಆಗಲಿಲ್ಲ.

ಕ್ಷೌರಿಕ ಬಣ್ಣದ ಬಟ್ಟಲು ಹಿಡಿದು ಕಾಯುತ್ತಿದ್ದ. ಸಾಕು, ತೊಳೆದುಬಿಡಿ ಎಂದೆ. "ಆಧಾ ಕಾಲಾ, ಆಧಾ ಸಫೇದ್, ಸಾಬ್!" ಎಂದು ಗಾಬರಿಯಾದ. ಅರ್ಧ ಕಪ್ಪು, ಅರ್ಧ ಬಿಳಿ. ಇರಲಿ. ಮದುವೆಗೆ ಹೀಗೇ ಹೋಗುತ್ತೇನೆ. ತಲೆಗೇನಾಯಿತು ಎಂದು ಯಾರಾದರೂ ಕೇಳಿದರೆ, ಏನಿಲ್ಲ ಎನ್ನುವುದಿಲ್ಲ. ಎಲ್ಲ ಹೇಳುತ್ತೇನೆ. ಮೂವರ ಹೆಸರೂ ಹೇಳುತ್ತೇನೆ.